ದರಗಿನ ಕಾಲ, ಮಂಗನ ಕಾಯಿಲೆಯ ಕಾಲ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. ನಾವು ಕೊಟ್ಟಿಗೆಗೆ ದರಗು ತರುವ ಬೇಸಿಗೆಯಲ್ಲೇ ಉಣುಗಿನ ಕಾಟವೂ ಹೆಚ್ಚು. ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ತನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು; ಕೆಲವರಿಗೆ ರಕ್ತಸ್ರಾವ. ಜ್ವರ ಇಳಿದು ಒಂದೆರಡು ವಾರಗಳ ಮೇಲೆ ಕೆಲವರಲ್ಲಿ ಮರುಕಳಿಸಿ ಮೆದುಳಿಗೂ ತಾಗುತ್ತದೆ. ಆದುದರಿಂದ ಜ್ವರ ಬಿಟ್ಟ ಆಳನ್ನು ಮರುದಿನವೇ ಕೊನೆಕೊಯ್ಲಿಗೆ ಕರೆಯುವುದು ಸಲ್ಲದು.

ನಿರ್ದಿಷ್ಟ ಔಷಧಿಯಿಲ್ಲ, ಹಿಂದಿನ ಲಸಿಕೆ 2022ರಲ್ಲಿ ನಿಂತಿತು. ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದ ಬಹುಪಾಲು ಜನ ಗುಣವಾಗುತ್ತಾರೆ. ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗದೆ ರಕ್ತಪರೀಕ್ಷೆ ಮಾಡಿಸೋಣ. ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳೋಣ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ, ಉಣುಗು ನಿವಾರಕ ಎಣ್ಣೆ. ಬಂದೊಡನೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸೋಣ.