ನಿಮಗಿದು ಗೊತ್ತೆ? ರಣಹದ್ದನ್ನು ಕೊಂದ ನೋವಿನ ಔಷಧಿ

ಮಂಡಿನೋವಿಗೆ, ಸೊಂಟ ಹಿಡಿದಾಗ ನುಂಗುವ ಡೈಕ್ಲೋಫೆನಾಕ್ ಮಾತ್ರೆ ಯಾರಿಗೆ ಗೊತ್ತಿಲ್ಲ? 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಈ ಉರಿಯೂತ ನಿವಾರಕ, ನೋವು, ಬಾವು ತರುವ ಪ್ರೊಸ್ಟಾಗ್ಲಾಂಡಿನ್‌ಗಳ ತಯಾರಿಯನ್ನೇ ತಡೆಯುತ್ತದೆ. ಅಗ್ಗವೂ ಹೌದು. ಹಾಗಾಗಿ 1990ರ ದಶಕದಲ್ಲಿ ಭಾರತದಲ್ಲಿ ಕುಂಟುವ ಎತ್ತಿಗೂ, ಕೆಚ್ಚಲು ಬಾತ ಹಸುವಿಗೂ ಇದರದೇ ಇಂಜೆಕ್ಷನ್.

ಎಡವಟ್ಟಾಗಿದ್ದು ಅಲ್ಲೇ. ಇಂಜೆಕ್ಷನ್ ಪಡೆದು ಒಂದೆರಡು ದಿನದಲ್ಲಿ ಸತ್ತ ದನವನ್ನು ಊರಾಚೆ ಎಸೆದರೆ, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಯೂರಿಕ್ ಆಮ್ಲ ಏರಿ, ಸತ್ತ ಹಕ್ಕಿಯನ್ನು ಕೊಯ್ದು ನೋಡಿದರೆ ಒಳಾಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿ ಹರಳು! 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99ಕ್ಕೂ ಹೆಚ್ಚು ಮಾಯವಾದವು. ಸೋಂಕೋ ಏನೋ ಎಂದು ತಲೆ ಕೆರೆದುಕೊಳ್ಳುತ್ತಿದ್ದವರಿಗೆ ಉತ್ತರ ಸಿಕ್ಕಿದ್ದು ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ, 2004ರಲ್ಲಿ.

ಭಾರತ 2006ರಲ್ಲಿ ಜಾನುವಾರುಗಳಿಗೆ ಈ ಔಷಧಿಯನ್ನು ನಿಷೇಧಿಸಿತು. ನಮ್ಮವರು ಬಿಟ್ಟಾರೆಯೇ? ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಯ ಔಷಧಿಯನ್ನೇ ದನಕ್ಕೆ ಚುಚ್ಚಿದರು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ 3 ಮಿ.ಲೀ.ನ ಒಂಟಿ ಡೋಸಿಗೆ ಇಳಿಯಿತು. ಅಳಿದುಳಿದ ಹಕ್ಕಿಗಳನ್ನು ಕಾಪಾಡಲೆಂದು ನಮ್ಮ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾದದ್ದು 2012ರಲ್ಲಿ.

ಮನುಷ್ಯರಿಗೂ ಇದು ಪೆಪ್ಪರಮಿಂಟಲ್ಲ: ಹೊಟ್ಟೆಹುಣ್ಣು, ಕಿಡ್ನಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ದನಕ್ಕಾದರೆ ರಣಹದ್ದಿಗೆ ಅಪಾಯ ತರದ ಮೆಲಾಕ್ಸಿಕ್ಯಾಮ್ ಇದೆ. ಪಶುವೈದ್ಯರಲ್ಲಿ ಹೆಸರು ಹೇಳಿಯೇ ಕೇಳಿ.