ಮಕ್ಕಳ ಆಟಕ್ಕೆ ಬಿಳಿಗಾರ ಬೇಡ



ರಜೆ ಬಂದರೆ ಮಕ್ಕಳಿಗೆ ಸ್ಲೈಮ್ ಹುಚ್ಚು. ಇದನ್ನು ಅಂಟಿಗೆ ಬೋರಾಕ್ಸ್, ಅಂದರೆ ಅಕ್ಕಸಾಲಿಗರು ಬಳಸುವ ಬಿಳಿಗಾರ, ಬೆರೆಸಿ ಮಾಡುವುದುಂಟು. ಬಿಳಿಗಾರ ಹೊಟ್ಟೆಗೆ ಹೋದರೆ ವಾಂತಿ, ಭೇದಿ. ಕಣ್ಣಿಗೆ ಬಿದ್ದರೆ ಉರಿ. ಮಕ್ಕಳ ಕೈ ಬಾಯಿಗೆ ಹೋಗದೆ ಇರುತ್ತಾ?

ಬದಲಿಗೆ ಹೀಗೆ ಮಾಡಿ: 1 ಬಟ್ಟಲು ಕಾರ್ನ್‌ಫ್ಲೋರ್‌ಗೆ ಸುಮಾರು ಅರ್ಧ ಬಟ್ಟಲು ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಬಣ್ಣಕ್ಕೆ ಬೀಟ್‌ರೂಟ್ ರಸ ಸಾಕು. ಹಿಸುಕಿದರೆ ಹಿಟ್ಟಿನ ಕಣಗಳು ಒತ್ತಿಕೊಂಡು ಗಟ್ಟಿಯಾಗುತ್ತೆ, ಬಿಟ್ಟರೆ ಹರಿಯುತ್ತೆ.

ಹಸಿಹಿಟ್ಟು ತಿನ್ನಲು ಬಿಡಬೇಡಿ. ಆಟವಾದ ಮೇಲೆ ಕೈ ತೊಳೆಸಿ. ಉಳಿದದ್ದನ್ನು ಅದೇ ದಿನ ಕಸಕ್ಕೆ ಹಾಕಿ. ಬಚ್ಚಲಿಗೆ ಸುರಿದರೆ ಮೋರಿ ಕಟ್ಟುತ್ತೆ.

ಮಗು ಬಿಳಿಗಾರ ನುಂಗಿದರೆ ವಾಂತಿ ಮಾಡಿಸಬೇಡಿ. ಪೊಟ್ಟಣದ ಸಮೇತ ಕೂಡಲೇ ಚೆಲುವಾಂಬ ಆಸ್ಪತ್ರೆಗೋ ಹತ್ತಿರದ ಆಸ್ಪತ್ರೆಗೋ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.