ಬೆಳೆಯುವ ಮಕ್ಕಳ ಮಂಡಿನೋವು

ನಮ್ಮ ಭಾಷೆಯಲ್ಲಿ ಸೋತವನು ಮಂಡಿಯೂರುತ್ತಾನೆ. ಗೆದ್ದವನ ಮಂಡಿಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಕಳೆದ ವರ್ಷ ಖೋ ಖೋ ಪಂದ್ಯದಲ್ಲಿ ಗೆದ್ದು ಬಂದ ನನ್ನ ಮೊಮ್ಮಗಳು, ಹನ್ನೆರಡರ ಹುಡುಗಿ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದನ್ನು ಕಂಡೆ. ‘ಬೆಳೆಯುವ ವಯಸ್ಸಿನ ನೋವು, ತಾನೇ ಹೋಗುತ್ತದೆ’ ಎಂದು ಹಿರಿಯನ ಗತ್ತಿನಲ್ಲಿ ಹೇಳಿಬಿಟ್ಟೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಎರಡು ತಿಂಗಳ ಮೇಲೆ, ಮಂಡಿಯ ಕೆಳಗೆ ಮುಟ್ಟಗೊಡದಂಥ ಗಂಟು ಕಾಣಿಸಿಕೊಂಡಾಗಲೇ ನಾವು ವೈದ್ಯರ ಬಳಿಗೆ ಹೋದದ್ದು.

ಈ ಬೇನೆಗೆ ‘ಆಸ್‌ಗುಡ್–ಶ್ಲಾಟರ್’ ಎಂದು ಹೆಸರು. ೧೯೦೩ರಲ್ಲಿ ಅಮೆರಿಕದ ಬಾಸ್ಟನ್ನಿನ ರಾಬರ್ಟ್ ಆಸ್‌ಗುಡ್, ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಎಂಬ ವೈದ್ಯರಿಬ್ಬರು ಬೇರೆಬೇರೆಯಾಗಿಯೇ ಇದನ್ನು ವಿವರಿಸಿದರು. ತೊಡೆಯ ಮುಂಭಾಗದ ಬಲವಾದ ಸ್ನಾಯು ಮಂಡಿಚಿಪ್ಪನ್ನು ಹಿಡಿದುಕೊಂಡು, ಗಟ್ಟಿ ಹುರಿಯಂಥ ರಜ್ಜುವಿನ ಮೂಲಕ ಕೆಳಗಾಲಿನ ಎಲುಬಿನ ಮೇಲ್ತುದಿಯ ಮುಂಭಾಗಕ್ಕೆ ಅಂಟಿಕೊಂಡಿದೆ. ದೊಡ್ಡವರಲ್ಲಿ ಆ ಜಾಗ ಗಟ್ಟಿ ಎಲುಬು. ಬೆಳೆಯುವ ಮಕ್ಕಳಲ್ಲಿ ಅದಿನ್ನೂ ಮೆತ್ತನೆಯ ಮೃದ್ವಸ್ಥಿ. ಎಲುಬು ಭರದಿಂದ ಉದ್ದವಾಗುವಾಗ ಸ್ನಾಯು ಬಿಗಿಯಾಗುತ್ತದೆ. ಓಟ, ಜಿಗಿತ, ಕುಕ್ಕರಗಾಲಿನಿಂದ ಚಿಮ್ಮಿ ಏಳುವುದು, ಪ್ರತಿಯೊಂದೂ ಆ ಜಾಗವನ್ನು ಜಗ್ಗುತ್ತದೆ. ಹಸಿಮಣ್ಣಿನಲ್ಲಿ ನೆಟ್ಟ ಗೂಟಕ್ಕೆ ಕರುವನ್ನು ಕಟ್ಟಿದ ಹಾಗೆ. ಗೂಟ ಒಮ್ಮೆಗೇ ಕಿತ್ತುಬರದಿದ್ದರೂ ಸುತ್ತಲ ಮಣ್ಣು ಸಡಿಲುತ್ತದೆ. ಹುಡುಗಿಯರಲ್ಲಿ ಸುಮಾರು ೧೦ರಿಂದ ೧೩, ಹುಡುಗರಲ್ಲಿ ೧೨ರಿಂದ ೧೫ ವರ್ಷ ಇದರ ಕಾಲ.

ಹಾಗಾದರೆ ನನ್ನ ಮಾತು ಸುಳ್ಳೇ? ಅರ್ಧಸತ್ಯ. ಬೆಳವಣಿಗೆ ಮುಗಿದು ಎಲುಬು ಗಟ್ಟಿಯಾದಾಗ ನೋವು ಬಹುಪಾಲು ಮಕ್ಕಳಲ್ಲಿ ಅಡಗುತ್ತದೆ. ಗಂಟು ಮಾತ್ರ ಉಳಿಯಬಹುದು. ಆದರೆ ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಲ್ಲಿಯವರೆಗೆ ‘ಆಟವೇ ಬೇಡ’ ಎನ್ನುವುದೂ ಸಲ್ಲದು, ‘ಸಹಿಸಿಕೋ’ ಎನ್ನುವುದೂ ಸಲ್ಲದು. ನೋವನ್ನೇ ಅಳತೆಗೋಲಾಗಿಟ್ಟುಕೊಂಡು ಓಟ ಜಿಗಿತಗಳನ್ನು ತಗ್ಗಿಸಬೇಕು. ಆಟದ ಬಳಿಕ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬಹುದು. ತೊಡೆಯ ಹಿಂದುಮುಂದಿನ ಸ್ನಾಯುಗಳನ್ನು ನಿಧಾನವಾಗಿ ಹಿಗ್ಗಿಸುವ, ಬಲಪಡಿಸುವ ವ್ಯಾಯಾಮವನ್ನು ಬಲ್ಲವರಿಂದ ಕಲಿಯಬೇಕು.

ನೋಯದ ಮಕ್ಕಳಿಗೂ ಕೆಲವು ನಿಯಮಗಳು ಹಿತ: ಆಟಕ್ಕೆ ಮೊದಲು ಮೈ ಬಿಸಿಮಾಡಿಕೊಳ್ಳುವುದು, ಜಿಗಿದು ಇಳಿಯುವಾಗ ಮಂಡಿ ಬಾಗಿಸುವುದು, ಅದು ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು, ಓಟದ ದೂರವನ್ನು ಒಮ್ಮೆಗೇ ಏರಿಸದಿರುವುದು, ವಾರಕ್ಕೊಂದೆರಡು ದಿನ ಬಿಡುವು, ವರ್ಷವಿಡೀ ಒಂದೇ ಆಟಕ್ಕೆ ಅಂಟಿಕೊಳ್ಳದಿರುವುದು.

ಎಲ್ಲ ಮಂಡಿನೋವೂ ಇದೇ ಅಲ್ಲ. ಮಂಡಿ ಇಡಿಯಾಗಿ ಊದಿಕೊಂಡರೆ, ಕಾಲೂರಲಾಗದಿದ್ದರೆ, ಕೀಲು ಸಿಕ್ಕಿಕೊಂಡರೆ, ಜ್ವರ ಬಂದರೆ, ರಾತ್ರಿ ನೋವಿನಿಂದ ಎಚ್ಚರವಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸೊಂಟದ ಕೀಲಿನ ತೊಂದರೆಯೂ ಮಕ್ಕಳಲ್ಲಿ ಮಂಡಿನೋವಿನ ವೇಷದಲ್ಲಿ ಬರುವುದುಂಟು.

ನೋವೆಂದರೆ ತಂಡದಿಂದ ಬಿಟ್ಟಾರೆಂಬ ಭಯಕ್ಕೆ ಎಷ್ಟೋ ಮಕ್ಕಳು ಬಾಯಿಬಿಡುವುದಿಲ್ಲ. ನನ್ನ ಮೊಮ್ಮಗಳು ಬಾಯಿಬಿಟ್ಟಿದ್ದಳು, ಕಿವಿಗೊಡದವನು ನಾನು. ಅವಳೀಗ ಮತ್ತೆ ಆಡುತ್ತಿದ್ದಾಳೆ. ಮನೆಗೆ ಬಂದೊಡನೆ ‘ಗೆದ್ದೆಯಾ?’ ಎನ್ನುವ ಮೊದಲು ‘ಮಂಡಿ ಹೇಗಿದೆ?’ ಎಂದು ಕೇಳುವುದನ್ನು ನಾನು ಕಲಿತಿದ್ದೇನೆ.